ಸ್ವೀಡನ್ನಿನ ಬಯಲಲ್ಲಿ ನನ್ನ ವನಮಹೋತ್ಸವ

ಹಿತ್ತಲ ಗೋಡೆ

ಗುರುವಾರದ ರಾಯರ ಪೂಜೆಗೆಂದು ಬುಧವಾರವೇ ದೀಪದ ಕಂಬಗಳನ್ನು ಹಿತ್ತಲ ಕಲ್ಲಿನ ಮೇಲೆ ಹರವಿಕೊಂಡು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದೆ. ಎದುರಿಗೆ ನಮ್ಮ ಹಿತ್ತಲ ಗೋಡೆ. ಗೋಡೆಯ ಬಿರುಕಿನಲ್ಲಿ ಒಂದು ಅರಳಿ ಸಸಿ. ಈ ಸಸಿಯ ವಿಷಯ ಮೊದಲೇ ಹೇಳಿಬಿಡುತ್ತೇನೆ. ಮುಂದೆ ಸ್ವೀಡನ್ನಿನಲ್ಲಿ ನನ್ನ ಮಾನ ಹೋದದ್ದಕ್ಕೆ ಅರ್ಧ ಕಾರಣ ಇದು, ಇನ್ನರ್ಧ ನಾನು.

ಯಾವುದೋ ಹಕ್ಕಿ ಬೀಜ ಬಿಟ್ಟು ಹುಟ್ಟಿದ ಸಸಿ. ಬೆರಳುದ್ದ ಇದ್ದಾಗಲೇ ಕಿತ್ತು ಹಾಕಿದ್ದರೆ ಮುಗಿಯುತ್ತಿತ್ತು. ಆದರೆ ಅರಳಿಯನ್ನು ಕೀಳುವವರು ಯಾರು? ನಾನು ಯಜಮಾನರಿಗೆ ಹೇಳಿದೆ. ಯಜಮಾನರು ಗಾರೆಯವನಿಗೆ ಹೇಳಿದರು. ಗಾರೆಯವನು, "ಅದೊಂದು ಬಿಟ್ಟು ಬೇರೆ ಏನಾದ್ರೂ ಹೇಳಿ ಸ್ವಾಮಿ, ನಂಗೂ ಮಕ್ಳಿದಾವೆ" ಎಂದು ಕೈಮುಗಿದ. ಹೀಗೆ ಪಾಪವನ್ನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸುತ್ತಿರುವಷ್ಟರಲ್ಲಿ ಅದು ನನ್ನ ಸೊಂಟದೆತ್ತರ ಬೆಳೆಯಿತು. ಗೋಡೆ ತುಂಬು ಬಸುರಿಯ ಹಾಗೆ ಹೊಟ್ಟೆ ಮುಂದೆ ಮಾಡಿಕೊಂಡು ನಿಂತಿತು. ಶನಿವಾರ ಬಂತೆಂದರೆ ನಾನು ಅದಕ್ಕೇ ಒಂದು ಚೊಂಬು ನೀರೆರೆದು ಪ್ರದಕ್ಷಿಣೆ ಹಾಕುತ್ತಿದ್ದೆ. ಅರ್ಧ ಪ್ರದಕ್ಷಿಣೆ. ಗೋಡೆಯಾಚೆ ಪಕ್ಕದ ಮನೆಯವರ ಬಚ್ಚಲು.

ಕಂಬದ ತುದಿಯ ಹಂಸದ ಕತ್ತಿಗೆ ಅಂಟಿದ ಜಿಡ್ಡು ತೆಗೆಯುತ್ತಿದ್ದಾಗ ಯಜಮಾನರು ಫೋನು ಹಿಡಿದುಕೊಂಡೇ ಹಿತ್ತಲಿಗೆ ಬಂದರು.

"ವಿದ್ಯಾ ಬಿದ್ದಿದಾಳಂತೆ ಕಣೇ. ಸೈಕಲ್ಲಿಂದ. ಪಾದದ ಹತ್ರ ಮೂಳೆ ಮುರಿದು ಆಪರೇಷನ್ ಆಗಿದೆ."

ವಿದ್ಯಾ ಇವರ ಕೊನೆಯ ತಂಗಿ. ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ, ಲಿಂಡ್‌ಹೋಲ್ಮೆನ್ ಎಂಬ ಕಡೆ, ಕಾರುಗಳಿಗೆ ಸಾಫ್ಟ್‌ವೇರ್ ಬರೆಯುವ ಕೆಲಸ. ಮದುವೆ ಬೇಡವೆಂದು ಎಂದೋ ಹೇಳಿ ಮುಗಿಸಿದವಳು. ಒಬ್ಬಳೇ ಇರುತ್ತಾಳೆ.

"ಆಸ್ಪತ್ರೆಯಿಂದ ಮನೆಗೆ ಬಂದಮೇಲೆ ಒಂದು ನರಪಿಳ್ಳೆ ಬಾಗಿಲು ತಟ್ಟಿಲ್ಲ. ನಿನಗೆ ಅಲ್ಲಿ ಯಾರಿದಾರೆ, ಸಾಕು ಬಂದ್ಬಿಡು ಅಂದೆ," ಎಂದರು ಇವರು. ಕಣ್ಣು ಕೆಂಪಗಿತ್ತು. "ಅದಕ್ಕೆ ಏನಂದ್ಲು ಗೊತ್ತಾ? ಅತ್ತಿಗೆ ಬಂದು ನೋಡ್ಲಿ. ಇಲ್ಲಿ ನಂಗೆ ಯಾರೂ ಇಲ್ಲ ಅಂತ ಅವ್ರಿಗೆ ಅನ್ಸಿದ್ರೆ ಕೆಲಸ ಬಿಟ್ಟು ಬರ್ತೀನಿ. ಅತ್ತಿಗೆ ಸುಳ್ಳು ಹೇಳಲ್ಲ ಅಂದ್ಲು."

ಹೀಗೆ ಹುಣಸೆಹಣ್ಣಿನ ಕೈಯಲ್ಲಿ ಕೂತಿದ್ದ ನಾನು ಒಂದು ಕ್ಷಣದಲ್ಲಿ ನ್ಯಾಯಾಧೀಶೆಯಾದೆ. ಚಿತ್ರದುರ್ಗದಿಂದ ಬೆಂಗಳೂರಿಗೆ ಒಬ್ಬಳೇ ಬಸ್ಸಿನಲ್ಲಿ ಹೋಗದ ನ್ಯಾಯಾಧೀಶೆ.

ಎರಡನೇ ಮಹಡಿ, ಮೂರನೇ ಮಹಡಿ

ವೀಸಾ ಸಿಗುವಷ್ಟರಲ್ಲಿ ಮೂಳೆ ಅರ್ಧ ಕೂಡಿಕೊಂಡಿತ್ತು. ವಿಮಾನದ ಕಥೆ ಬೇಡ. ಬೆಲ್ಟು ಹಾಕಿಕೊಳ್ಳಲು ಬಂತು, ಬಿಚ್ಚಲು ಬರಲಿಲ್ಲ ಎಂಬಲ್ಲಿಗೆ ಅದು ಮುಗಿಯಲಿ. ಪಕ್ಕದ ಹೆಂಗಸು ಬಿಚ್ಚಿಕೊಟ್ಟಳು. ರಾಯರು ಯಾವ ಯಾವ ರೂಪದಲ್ಲೋ ಬರುತ್ತಾರೆ. ಆವತ್ತು ತೋಳಿಲ್ಲದ ಅಂಗಿ ತೊಟ್ಟು ಬಂದಿದ್ದರು.

ವಿದ್ಯಾಳ ಮನೆ ಮೂರನೇ ಮಹಡಿಯಲ್ಲಿ. ಒಪ್ಪವಾದ ಮನೆ. ನಲ್ಲಿಯಲ್ಲಿ ಬಿಸಿನೀರು, ಕಿಟಕಿಯ ತುಂಬ ಬೆಳಕು. ಆದರೆ ಆ ಕಟ್ಟಡದ ಮೌನ! ನಮ್ಮ ಬೀದಿಯಲ್ಲಿ ಯಾರ ಮನೆಯ ಕುಕ್ಕರ್ ಎಷ್ಟು ಸಲ ಕೂಗಿತೆಂದು ಎಲ್ಲರಿಗೂ ಗೊತ್ತು. ಇಲ್ಲಿ ಕುಕ್ಕರ್ ಕೂಗಿದರೆ ನನಗೇ ಮೈ ಜುಮ್ಮೆನ್ನುತ್ತಿತ್ತು. ಮೆಟ್ಟಿಲಲ್ಲಿ ಹೆಜ್ಜೆ ಸಪ್ಪಳ ಕೇಳಿ ಯಾರಾದರೂ ಸಿಗುತ್ತಾರೆಂದು ಬಾಗಿಲು ತೆಗೆದರೆ, ಆ ಹೆಜ್ಜೆ ಚುರುಕಾಗಿ ಮಾಯವಾಗುತ್ತಿತ್ತು.

"ಅತ್ತಿಗೆ, ಹಾಗೆಲ್ಲ ಬಾಗಿಲು ತೆಗೀಬೇಡಿ," ಎಂದಳು ವಿದ್ಯಾ. "ಇಲ್ಲಿ ಜನ ಮೆಟ್ಟಿಲಲ್ಲಿ ಯಾರೂ ಇಲ್ಲ ಅಂತ ಮೊದ್ಲು ಕಿವಿಗೊಟ್ಟು ಕೇಳಿ, ಆಮೇಲೆ ಹೊರಗೆ ಬರ್ತಾರೆ."

"ಯಾಕೆ, ಸಾಲ ಮಾಡಿದಾರಾ?"

"ಇಲ್ಲ. ಸುಮ್ನೆ ಇನ್ನೊಬ್ರಿಗೆ ತೊಂದರೆ ಆಗ್ಬಾರ್ದು ಅಂತ."

ನಾನು ಮನಸ್ಸಿನಲ್ಲೇ ತೀರ್ಪು ಬರೆಯತೊಡಗಿದ್ದೆ. ಇವಳಿಗೆ ಇಲ್ಲಿ ಯಾರೂ ಇಲ್ಲ. ಆಫೀಸಿನ ಕನ್ನಡದವರು ಇಬ್ಬರು ಒಂದು ಭಾನುವಾರ ಬಿಸಿಬೇಳೆಬಾತು ತಂದುಕೊಟ್ಟು ಹೋಗಿದ್ದರು, ಪಾಪ, ಅವರ ಮಕ್ಕಳು, ಅವರ ಡಾಗಿಸ್ ಎಂಬ ಶಿಶುವಿಹಾರ, ಅವರ ಗಡಿಬಿಡಿ ಅವರಿಗೆ.

ಗಣೇಶನ ಹಬ್ಬ ಬಂತು. ಕಡುಬು ಮಾಡಿದೆ. ಮಾಡಿದ ಮೇಲೆ ನಾಲ್ಕು ಮನೆಗೆ ಕೊಡದೆ ತಿಂದರೆ ಅದು ಹಬ್ಬವೇ? ವಿದ್ಯಾ, "ಬೇಡಿ ಅತ್ತಿಗೆ, ಕೈ ಮುಗೀತೀನಿ" ಎನ್ನುತ್ತಿದ್ದಂತೆಯೇ ಸ್ಟೀಲಿನ ತಟ್ಟೆಗೆ ಹಾಕಿಕೊಂಡು ಎರಡನೇ ಮಹಡಿಗೆ ಇಳಿದು ಬಾಗಿಲು ತಟ್ಟಿದೆ. ಬಹಳ ಹೊತ್ತಿನ ಮೇಲೆ ತೆರೆಯಿತು. ಬೆಳ್ಳಗಿನ ಕ್ರಾಪು, ಜೀನ್ಸ್ ಪ್ಯಾಂಟು, ನಮ್ಮತ್ತೆಯ ವಯಸ್ಸು. ಹೆಸರು ಬಿರ್ಗಿತ್ತಾ ಎಂದು ಬಾಗಿಲ ಮೇಲೇ ಬರೆದಿತ್ತು. ಆಕೆ ನನ್ನ ಸೀರೆ ನೋಡಿದಳು, ಕಡುಬು ನೋಡಿದಳು, ನನ್ನ ಹಿಂದೆ ಬೇರೆ ಯಾರಾದರೂ ಇದ್ದಾರೇನೋ ನೋಡಿದಳು. ನಾನು ಮೇಲಕ್ಕೆ ಬೆರಳು ತೋರಿಸಿ, ಕಾಲು ಮುರಿದ ಅಭಿನಯ ಮಾಡಿ, ತಟ್ಟೆ ಕೈಗಿತ್ತು ಬಂದೆ. ಆಕೆಗೆ ಏನು ಅರ್ಥವಾಯಿತೋ. ದೇವರು ಮೇಲಿದ್ದಾನೆ, ಕುಂಟುತ್ತಿದ್ದಾನೆ ಎಂದಿದ್ದರೂ ಇರಬಹುದು.

ನಾಲ್ಕು ದಿನ ತಟ್ಟೆ ಬರಲಿಲ್ಲ. ಐದನೇ ದಿನ ಬಂತು. ಫಳಫಳ ತೊಳೆದು, ಖಾಲಿ. ನಮ್ಮಲ್ಲಿ ಕೊಟ್ಟ ಪಾತ್ರೆ ಬರಿದಾಗಿ ವಾಪಸ್ಸು ಬರುವುದುಂಟೇ? ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯಾದರೂ ಹಾಕುತ್ತಾರೆ. ನನ್ನ ಮುಖ ಸಣ್ಣಗಾಯಿತು. ಆದರೆ ಬಿರ್ಗಿತ್ತಾ ಹೋಗದೆ ಬಾಗಿಲಲ್ಲೇ ನಿಂತು ಏನೋ ಹೇಳಿದಳು. ಊರುಗೋಲಿನ ಮೇಲೆ ನಿಂತಿದ್ದ ವಿದ್ಯಾಳ ಕೆನ್ನೆ ಕೆಂಪಗಾಯಿತು. ಬಾಗಿಲು ಮುಚ್ಚಿದ ಮೇಲೆ ಅಲ್ಲೇ ಗೋಡೆಗೆ ಒರಗಿದಳು.

"ಶನಿವಾರ ಬನ್ನಿ ಅಂತ ಕರೆದ್ರು. ಐದು ವರ್ಷದಲ್ಲಿ ಈ ಬಿಲ್ಡಿಂಗಲ್ಲಿ ಯಾರಾದ್ರೂ ನನ್ನ ಕರೆದಿದ್ದು ಇದೇ ಮೊದ್ಲು ಅತ್ತಿಗೆ."

"ಊಟಕ್ಕಾ?"

"ಅಲ್ಲ. ಕೆಲಸಕ್ಕೆ."

ಬಸ್ಸಿನಲ್ಲಿ

ಕೆಲಸವೆಂದರೆ ಏನೆಂದು ವಿದ್ಯಾ ಬಸ್ಸಿನಲ್ಲಿ ಹೇಳಿದಳು. ಊರಾಚೆ ಸಮುದ್ರದ ಕಡೆ ಒಂದು ಸಂರಕ್ಷಿತ ಬಯಲು. ಲ್ಯೂಂಗ್ ಎಂಬ ಮೊಣಕಾಲೆತ್ತರದ ಹೂಪೊದೆ ಬೆಳೆಯುವ ಜಾಗ. ಸುತ್ತಮುತ್ತಲ ಜನ ಒಂದು ಗುಂಪು ಮಾಡಿಕೊಂಡು ವರ್ಷಕ್ಕೊಮ್ಮೆ ಹೋಗಿ ಅದನ್ನು ನೋಡಿಕೊಳ್ಳುತ್ತಾರೆ. ಬಿರ್ಗಿತ್ತಾ ಅದರ ಮುಂದಾಳು. ವಿದ್ಯಾಳ ಕಾಲು ಸರಿಯಿಲ್ಲ, ಅವಳ ಬದಲಿಗೆ ನಾನು.

"ಅತ್ತಿಗೆ, ನಿಮ್ಗೆ ಕೈಮುಗಿದು ಕೇಳ್ಕೊತೀನಿ. ಅವ್ರು ಹೇಳಿದಷ್ಟೇ ಮಾಡಿ. ಹೆಚ್ಚಿಗೆ ಏನೂ ಮಾಡ್ಬೇಡಿ."

"ನಾನು ಯಾವತ್ತು ಹೆಚ್ಚಿಗೆ ಮಾಡಿದೀನಿ?"

ಅವಳು ಕಿಟಕಿಯಾಚೆ ನೋಡಿದಳು.

ಸಂರಕ್ಷಿತ ಜಾಗವೆಂದರೆ ನನಗೆ ಗೊತ್ತಿದ್ದದ್ದು ನಮ್ಮ ಕಾಡುಗಳು. ಗೇಟು, ಕಾವಲಿನವನು, ಹೊರಗೆ ಚುರುಮುರಿಯವನು. ಒಳಗೆ ಹೋದವರು ಏನನ್ನೂ ಮುಟ್ಟಬಾರದು. ಮುಟ್ಟದೆ ಬಿಡುವುದೇ ರಕ್ಷಣೆ ಎಂದು ನಾನು ತಿಳಿದಿದ್ದೆ.

ನಡುವೆ ಬಸ್ಸು ಬದಲಿಸಬೇಕಿತ್ತು. ಎರಡನೇ ಬಸ್ಸು ಹೆಚ್ಚುಕಡಿಮೆ ಖಾಲಿ. ವಿದ್ಯಾಳನ್ನು ಮುಂದಿನ ಸೀಟಿನಲ್ಲಿ ಕಾಲು ಚಾಚಿ ಕೂರಿಸಿ, ನಾನು ಹಿಂದೆ ಹೋಗಿ ಒಂಟಿಯಾಗಿ ಕೂತಿದ್ದ ಒಬ್ಬ ಹೆಂಗಸಿನ ಪಕ್ಕ ಕೂತು ನಕ್ಕೆ. ಪಾಪ, ಒಬ್ಬಳೇ ಇದ್ದಾಳಲ್ಲ ಎಂದು. ಆಕೆ ಚೀಲವನ್ನು ಎದೆಗವಚಿಕೊಂಡು ಕಿಟಕಿಗೆ ಅಂಟಿಕೊಂಡಳು. ಮುಂದಿನ ನಿಲ್ದಾಣದಲ್ಲಿ ಎದ್ದು ಬಾಗಿಲ ಹತ್ತಿರ ನಿಂತಳು. ಇಳಿಯಲಿಲ್ಲ, ನಿಂತೇ ಇದ್ದಳು.

"ಇಷ್ಟು ಸೀಟು ಖಾಲಿ ಇರುವಾಗ ಪಕ್ಕದಲ್ಲಿ ಕೂತ್ರೆ ಇಲ್ಲಿಯವರಿಗೆ ಗಾಬರಿ ಆಗುತ್ತೆ," ಎಂದು ವಿದ್ಯಾ ಹಿಂತಿರುಗಿ ಪಿಸುಗುಟ್ಟಿದಳು.

ನಾನು ನನ್ನ ತೀರ್ಪಿಗೆ ಇನ್ನೊಂದು ಸಾಲು ಸೇರಿಸಿದೆ.

ಬಯಲು

ಇಳಿದು ಒಂದು ಮರದ ಗೇಟು ದಾಟಿದೆವು. ಕಾವಲಿನವನಿಲ್ಲ. ಕುರಿ ಹೊರಗೆ ಹೋಗದಂತೆ ಬಂದವರೇ ಗೇಟು ಹಾಕಿಕೊಳ್ಳಬೇಕು. ದಿಬ್ಬವೊಂದನ್ನು ಏರಿದರೆ ಎದುರಿಗೆ ಬಯಲು.

ಏನು ಹೇಳಲಿ! ಬಿಳಿ ಪಂಚೆಯನ್ನು ನೇರಳೆಹಣ್ಣಿನ ರಸದಲ್ಲಿ ಅದ್ದಿ ಹಿಂಡಿ ಹರವಿದ ಹಾಗಿತ್ತು. ಹೂವು ಮುಗಿಯುತ್ತ ಬಂದಿದೆ, ನೀವು ತಡವಾಗಿ ಬಂದಿರಿ ಎಂದರು ಅವರು. ಮುಗಿಯುತ್ತ ಬಂದದ್ದೇ ಹೀಗಿದ್ದರೆ! ನಡುನಡುವೆ ಬೂದು ಬಣ್ಣದ ಬಂಡೆಗಳು. ಚಿತ್ರದುರ್ಗದವಳಿಗೆ ಬಂಡೆ ಕಂಡರೆ ತವರಿನವರನ್ನು ಕಂಡ ಹಾಗೆ. ಆದರೆ ನಮ್ಮ ಬಂಡೆಗಳು ಸುಡುತ್ತವೆ, ಇವು ಕೈಯಿಟ್ಟರೆ ಫ್ರಿಜ್ಜಿನಿಂದ ತೆಗೆದಿಟ್ಟ ಹಾಗೆ ಕೊರೆಯುತ್ತವೆ. ಬಂಡೆಯಾಚೆ ಕುರಿಗಳು, ಕುರಿಗಳಾಚೆ ಸಮುದ್ರ. ಗಾಳಿಯೋ ಗಾಳಿ. ಸೀರೆಯ ಮೇಲೆ ವಿದ್ಯಾಳ ಜಾಕೀಟು, ಕಾಲಿಗೆ ಅವಳ ಬೂಟು, ತಲೆಗೆ ಮಂಕಿಟೋಪಿ. ನನ್ನ ನೆರಿಗೆ ಒಂದು ದಿಕ್ಕಿಗೆ, ಸೆರಗು ಇನ್ನೊಂದು ದಿಕ್ಕಿಗೆ. ಕುರಿಗಳು ಮೇಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದವು.

ಹತ್ತಾರು ಜನ ಸೇರಿದ್ದರು. ಬಹಳ ಮಂದಿ ವಯಸ್ಸಾದವರು. ಒಬ್ಬೊಬ್ಬರೂ ಮುಂದೆ ಬಂದು ಕೈಕುಲುಕಿ ತಮ್ಮ ಹೆಸರಷ್ಟೇ ಹೇಳಿ ಹಿಂದೆ ಸರಿದರು. ಊರು ಯಾವುದು, ಮಕ್ಕಳೆಷ್ಟು, ಯಜಮಾನರಿಗೆ ಏನು ಕೆಲಸ, ಒಂದೂ ಕೇಳಲಿಲ್ಲ. ನನಗೆ ಪರೀಕ್ಷೆಗೆ ಓದಿಕೊಂಡು ಹೋದ ಪ್ರಶ್ನೆ ಯಾವುದೂ ಬರದ ಹಾಗಾಯಿತು. ಲೆನ್ನಾರ್ಟ್ ಎಂಬ ಉದ್ದನೆಯ ಮುದುಕ ಮಡಿಸುವ ಕುರ್ಚಿ ಬಿಡಿಸಿ ವಿದ್ಯಾಳನ್ನು ಕೂರಿಸಿದ. ಅವನದು ಒಂದು ತಳ್ಳುಗಾಡಿ. ಕಿತ್ತದ್ದನ್ನೆಲ್ಲ ತುಂಬಿಕೊಂಡು ಹೋಗುವುದು ಅವನ ಕೆಲಸ.

ಕಿತ್ತದ್ದು ಎಂದೆನಲ್ಲ, ಅದೇ ಸಂಕಟ. ಬಿರ್ಗಿತ್ತಾ ನನಗೆ ಗ್ಲೌಸು ಕೊಟ್ಟು, ಹೂಪೊದೆಗಳ ನಡುವೆ ತಲೆಯೆತ್ತಿದ್ದ ಗೇಣುದ್ದದ ಸಸಿಯೊಂದನ್ನು ಬೇರುಸಹಿತ ಕಿತ್ತು ತೋರಿಸಿದಳು. ಹೀಗೆ, ಬಯಲ ತುಂಬ.

"ಮರದ ಸಸಿಗಳು ಅತ್ತಿಗೆ. ಎಲ್ಲ ಕೀಳಬೇಕು," ಎಂದಳು ವಿದ್ಯಾ.

"ಮರದ್ದಾ? ಇವತ್ತು ಶನಿವಾರ ಕಣೆ!"

"ಅತ್ತಿಗೆ."

"ಸಂರಕ್ಷಿತ ಅಂದೆ?"

"ಅದಕ್ಕೇ ಕೀಳೋದು. ಕೀಳಿ ಸುಮ್ನೆ."

ಬಗ್ಗಿ ನೋಡಿದೆ. ಎಳೆಯ ಎಲೆ. ಬುಡ ಅಗಲ, ತುದಿ ಚೂಪು, ಸಣ್ಣ ತೊಟ್ಟು. ಗಾಳಿಗೆ ತಕಪಕ ಕುಣಿಯುತ್ತಿತ್ತು. ನಮ್ಮ ಹಿತ್ತಲ ಅರಳಿಯ ತಮ್ಮನ ಮಗಳು! ಬರ್ಚ್ ಎಂದು ಅದರ ಹೆಸರಂತೆ. ಹೆಸರು ಏನಾದರೇನು, ಮುಖದಲ್ಲಿ ಮನೆತನ ಕಾಣುತ್ತಿತ್ತು.

ಬಂಡೆಯ ಹಿಂದೆ

ಮೊದಲನೆಯದನ್ನು ಕಿತ್ತೆ. ಎರಡನೆಯದನ್ನು ಕೀಳುವಾಗ "ಕ್ಷಮಿಸು ತಾಯಿ" ಎಂದೆ. ಅಷ್ಟರಲ್ಲಿ ಬೇರೆಯವರೆಲ್ಲ ಕಳೆ ಕಿತ್ತಂತೆ ಸರಸರ ಮುಂದೆ ಹೋಗಿದ್ದರು. ನನ್ನ ಕೈಯಲ್ಲಿ ಬೇರು, ಮಣ್ಣು, ಕುಣಿಯುವ ಎಲೆ. ಜೀವ ಇದೆ ಅದಕ್ಕೆ. ಇದನ್ನು ತಳ್ಳುಗಾಡಿಗೆ ಹಾಕುವುದೇ?

ಎದುರಿಗೆ ಆನೆಯಂಥ ಒಂದು ಬಂಡೆ. ಬಂಡೆಯ ಹಿಂದೆ ಗಾಳಿಯಿಲ್ಲದ ಮರೆ. ಅಲ್ಲಿ ಹೂಪೊದೆಯೂ ಕಡಿಮೆ. ನನ್ನ ಬುದ್ಧಿಗೆ ಎಷ್ಟು ಸುಲಭವಾಗಿ ಹೊಳೆಯಿತು ನೋಡಿ. ಇವರಿಗೆ ಬೇಕಾದದ್ದು ಆ ಕಡೆ ಗಿಡ ಇರಬಾರದು ಎಂದು ತಾನೇ? ಈ ಕಡೆ ಇದ್ದರೆ ಯಾರಿಗೇನು ನಷ್ಟ? ಕೀಳು ಎಂದವರ ಮಾತೂ ನಡೆಯಿತು, ಸಸಿಯೂ ಉಳಿಯಿತು. ಪಾಪವೂ ಇಲ್ಲ, ಮಾತು ಮೀರಿದ ಹಾಗೂ ಇಲ್ಲ. ಇಷ್ಟು ಚೆನ್ನಾಗಿ ಯೋಚಿಸುವವಳನ್ನು ಮನೆಯಲ್ಲಿ ಯಾರೂ ಲೆಕ್ಕಕ್ಕೇ ಇಟ್ಟುಕೊಂಡಿಲ್ಲವಲ್ಲ ಎಂದು ಬೇಸರವೂ ಆಯಿತು.

ತಿಂಡಿಯ ಡಬ್ಬಿಯ ಮುಚ್ಚಳದಿಂದ ಗುಂಡಿ ತೋಡಿದೆ. ಸಸಿ ಇಟ್ಟು, ಮಣ್ಣು ಅದುಮಿ, ಕುಡಿಯುವ ನೀರು ಎರೆದೆ. ಮತ್ತೆ ಹೋಗಿ ಕಿತ್ತು ತಂದೆ, ಮತ್ತೆ ನೆಟ್ಟೆ. ನಾನು ಬದನೆ ಸಸಿ ನೆಟ್ಟರೂ ದಾರ ಕಟ್ಟಿದ ಹಾಗೆ ಸಾಲು ಇರಬೇಕು. ಇದಕ್ಕೂ ಹಾಗೇ ಮಾಡಿದೆ. ಕುರಿ ತುಳಿಯದಿರಲೆಂದು ಒಂದೊಂದರ ಬುಡಕ್ಕೂ ಒಂದೊಂದು ಕಲ್ಲು ಇಟ್ಟೆ. ಕಲ್ಲಿಟ್ಟ ಮೇಲೆ ಬರಿದಾಗಿ ಬಿಡುವುದು ಹೇಗೆ? ಪರ್ಸಿನಲ್ಲಿದ್ದ ಕುಂಕುಮದ ಭರಣಿ ತೆಗೆದು ಒಂದೊಂದು ಕಲ್ಲಿಗೂ ಬೊಟ್ಟಿಟ್ಟು ಕೈಮುಗಿದೆ.

ಬಿರ್ಗಿತ್ತಾ ದೂರದಿಂದ ನೋಡಿ ಹೆಬ್ಬೆರಳು ಎತ್ತಿ ತೋರಿಸಿದಳು. ನಾನು ಓಡಾಡುತ್ತಿದ್ದ ವೇಗ ಕಂಡು ಬಹಳ ಕೆಲಸ ಮಾಡುತ್ತಿದ್ದೇನೆ ಎಂದುಕೊಂಡಿರಬೇಕು. ಮಾಡುತ್ತಲೂ ಇದ್ದೆ. ಅವರು ಒಂದು ಕೀಳುವ ಹೊತ್ತಿಗೆ ನಾನು ಒಂದು ಕಿತ್ತು ಒಂದು ನೆಡುತ್ತಿದ್ದೆ.

ಕಾಫಿಯ ಹೊತ್ತು

ಇಲ್ಲಿಯವರಿಗೆ ಕೆಲಸ ಎಂಥದೇ ಇರಲಿ, ನಡುವೆ ಕಾಫಿಗೆ ಕೂರಲೇಬೇಕು. ಫೀಕಾ ಎನ್ನುತ್ತಾರೆ. ಫ್ಲಾಸ್ಕಿನ ಕಾಫಿ, ದಾಲ್ಚಿನ್ನಿಯ ಬನ್ನು. ನನಗೆ ಶನಿವಾರ ಒಪ್ಪೊತ್ತು, ಅದರ ಮೇಲೆ ಬನ್ನಿಗೆ ಮೊಟ್ಟೆ ಸವರುತ್ತಾರೆಂಬ ಭಯ. ತಿನ್ನದಿದ್ದರೆ ವಿದ್ಯಾಳ ಮರ್ಯಾದೆ ಹೋಗುತ್ತದೆ. ಮೆಲ್ಲಗೆ ವಿಚಾರಿಸು ಎಂದೆ. ಮೊಟ್ಟೆ ಮುಗಿದಿತ್ತು, ಈ ಸಲ ಹಾಲು ಸವರಿದ್ದೇನೆ, ಬಣ್ಣ ಚೆನ್ನಾಗಿ ಬಂದಿಲ್ಲ, ಕ್ಷಮಿಸಿ ಎಂದಳಂತೆ ಬಿರ್ಗಿತ್ತಾ. ಆಕೆಯ ಅಡಿಗೆಮನೆಯಲ್ಲಿ ಮೊಟ್ಟೆ ಮುಗಿಸಿದವರು ಯಾರೆಂದು ನನಗೆ ಗೊತ್ತು. ಮಂತ್ರಾಲಯದ ದಿಕ್ಕು ಯಾವುದೆಂದು ತಿಳಿಯದೆ ಸುಮ್ಮನೆ ಮೇಲಕ್ಕೆ ನೋಡಿ ಕಚ್ಚಿದೆ.

ವಿದ್ಯಾ ನಗುತ್ತಿದ್ದಳು. ಪಕ್ಕದಲ್ಲಿ ಕೂತ ಹೆಂಗಸೊಬ್ಬಳಿಗೆ ತನ್ನ ಸೈಕಲ್ಲಿನ ಕಥೆ ಹೇಳುತ್ತಿದ್ದಳು. ನಾನು ಬಂದ ಮೇಲೆ ಅವಳು ಹಾಗೆ ಕೈ ಬೀಸಿ ಮಾತಾಡಿದ್ದು ಅದೇ ಮೊದಲು.

ಆಗ ಬಂಡೆಯ ಹಿಂದಿನಿಂದ ಲೆನ್ನಾರ್ಟ್ ಬಂದ. ಗಾಡಿ ಇರಲಿಲ್ಲ. ಬಿರ್ಗಿತ್ತಾಳ ಕಿವಿಯಲ್ಲಿ ಏನೋ ಹೇಳಿದ. ಎಲ್ಲರೂ ಲೋಟ ಹಿಡಿದುಕೊಂಡೇ ಎದ್ದು ಬಂಡೆಯ ಹಿಂದಕ್ಕೆ ಹೋದರು. ನಾನು ಕಚ್ಚಿದ ಬನ್ನನ್ನು ಕೆಳಗಿಟ್ಟೆ.

ಅವರು ಮಾತಾಡುವುದು ನಮಗೆ ಕೇಳುತ್ತಿತ್ತು. ವಿದ್ಯಾ ಕಿವಿಗೊಟ್ಟು ನನಗೆ ಹೇಳುತ್ತ ಹೋದಳು.

"ಯಾರೋ ಯೂನಿವರ್ಸಿಟಿಯವರು ಪ್ರಯೋಗಕ್ಕೆ ಸಸಿ ನೆಟ್ಟಿದಾರಂತೆ ಅತ್ತಿಗೆ. ಅಳತೆ ಹಿಡಿದ ಹಾಗೆ ಸಾಲಾಗಿ ಇದೆಯಂತೆ. ಒಂದೊಂದಕ್ಕೂ ಕೆಂಪು ಗುರುತು ಹಾಕಿದಾರಂತೆ. ನಮಗೆ ಹೇಳದೆ ಹೇಗೆ ಮಾಡಿದ್ರು ಅಂತಿದಾರೆ. ಯಾರೂ ಮುಟ್ಟಬೇಡಿ, ಸರ್ಕಾರದ ಆಫೀಸಿಗೆ ಬರೆದು ಕೇಳೋಣ ಅಂತ..."

ಅವಳ ಮಾತು ನಿಂತಿತು. ನನ್ನ ಬಲಗೈಯ ಉಂಗುರದ ಬೆರಳನ್ನು ನೋಡಿದಳು.

"ಅತ್ತಿಗೆ. ಕೆಂಪು ಗುರುತು."

"ಹೂಂ."

"ಕುಂಕುಮಾನಾ?"

"ಹೂಂ."

"ಅಯ್ಯೋ ರಾಯರೇ!"

ದೇವರು ದಿಂಡರು ಬಿಟ್ಟು ಎಷ್ಟೋ ವರ್ಷವಾಗಿದ್ದ ಹುಡುಗಿ. ಅವಳ ಬಾಯಲ್ಲಿ ರಾಯರ ಹೆಸರು ಬರಿಸಿದ ಪುಣ್ಯವಾದರೂ ನನಗೆ ಸಿಕ್ಕಿತು.

"ಸುಮ್ನೆ ಇದ್ಬಿಡಿ," ಎಂದಳು ಹಲ್ಲು ಕಚ್ಚಿ. "ಮುಟ್ಟಲ್ಲ ಅಂತಿದಾರಲ್ಲ. ಆಫೀಸಿನವರು ಉತ್ತರ ಬರೆಯೋ ಹೊತ್ತಿಗೆ ನೀವು ಚಿತ್ರದುರ್ಗದಲ್ಲಿರ್ತೀರಿ. ಇವತ್ತು ಗೊತ್ತಾದ್ರೆ ನನ್ನನ್ನ ಇನ್ಯಾವತ್ತೂ ಕರೆಯಲ್ಲ."

"ಅತ್ತಿಗೆ ಸುಳ್ಳು ಹೇಳಲ್ಲ ಅಂತ ನೀನೇ ಅಂದಿದ್ದು."

"ಇವತ್ತೊಂದಿನ ಹೇಳಿ!"

ಹೇಳಬಹುದಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಆದರೆ ಬಂಡೆಯಾಚೆಯ ಮಾತು ಕೇಳುತ್ತ ಕೂತವಳಿಗೆ ನಮ್ಮ ಹಿತ್ತಲ ಗೋಡೆ ಕಂಡಿತು. ನಾನು ಯಜಮಾನರಿಗೆ ಹೇಳಿದೆ, ಯಜಮಾನರು ಗಾರೆಯವನಿಗೆ ಹೇಳಿದರು, ಅವನು ಕೈಮುಗಿದ. ಈಗ ಇವರು ಆಫೀಸಿಗೆ ಬರೆಯುತ್ತಾರೆ, ಆಫೀಸಿನವರು ಇನ್ಯಾರಿಗೋ ಬರೆಯುತ್ತಾರೆ. ಅಷ್ಟರಲ್ಲಿ ನನ್ನ ಸಾಲು ಸೊಂಟದೆತ್ತರ ಬೆಳೆದಿರುತ್ತದೆ. ಬಂದು ಬಂದು ಸ್ವೀಡನ್ನಿಗೂ ಒಂದು ಬಿರುಕು ಕೊಟ್ಟು ಹೋಗುವುದೇ?

ಎದ್ದು ಹೋದೆ. ಗುಂಪು ದಾರಿ ಬಿಟ್ಟಿತು. ನನಗೆ ಭಾಷೆ ಬರುವುದಿಲ್ಲ. ಕಲ್ಲಿನ ಮೇಲಿನ ಬೊಟ್ಟು ತೋರಿಸಿದೆ. ಆಮೇಲೆ ನನ್ನ ಹಣೆಯ ಬೊಟ್ಟು ತೋರಿಸಿದೆ. ಆಮೇಲೆ ಮಣ್ಣು ಮೆತ್ತಿದ ಡಬ್ಬಿಯ ಮುಚ್ಚಳ ತೋರಿಸಿದೆ.

ನಮ್ಮವರಾಗಿದ್ದರೆ ಬೈದು ಮುಗಿಸಿರುತ್ತಿದ್ದರು, ಕೇಳಿಸಿಕೊಂಡು ಅತ್ತು ನಾನೂ ಮುಗಿಸಿರುತ್ತಿದ್ದೆ. ಇವರ ಮೌನಕ್ಕೆ ಏನು ಉತ್ತರ ಕೊಡುವುದು? ಲೆನ್ನಾರ್ಟ್ ತನ್ನ ಟೋಪಿ ತೆಗೆದು ಮತ್ತೆ ಹಾಕಿಕೊಂಡ.

ಹಿಂದೆ ಊರುಗೋಲಿನ ಟಕ್ ಟಕ್. ಕಲ್ಲುಮುಳ್ಳು ಲೆಕ್ಕಿಸದೆ ವಿದ್ಯಾ ಬಂದಿದ್ದಳು. ನನ್ನ ಪಕ್ಕ ನಿಂತು, ಮುಖ ಕೆಂಪಗೆ ಮಾಡಿಕೊಂಡು, ಸ್ವೀಡಿಷಿನಲ್ಲಿ ಉದ್ದಕ್ಕೆ ಏನೋ ಹೇಳಿದಳು. ಆಮೇಲೆ ಕೇಳಿದಾಗ ಹೇಳಿದ್ದು ಇಷ್ಟು: ನಮ್ಮಲ್ಲಿ ಇಂಥ ಎಲೆಯ ಮರವನ್ನು ಕೀಳುವುದಿಲ್ಲ, ಅದರಲ್ಲಿ ದೇವರಿದ್ದಾನೆ ಎನ್ನುತ್ತಾರೆ, ನನಗದು ಗೊತ್ತಿತ್ತು, ನಿಮಗೆ ಮೊದಲೇ ಹೇಳಬೇಕಿತ್ತು, ಹೇಳಲು ನಾಚಿಕೆಯಾಯಿತು, ತಪ್ಪು ನನ್ನದು. ಇಷ್ಟು ಕೆಟ್ಟ ಕೆಲಸ ಮಾಡಿದ ಅತ್ತಿಗೆಯ ಪರ ಯಾವ ನಾದಿನಿ ನಿಲ್ಲುತ್ತಾಳೆ?

ಬಿರ್ಗಿತ್ತಾ ಮೊಣಕಾಲೂರಿ ನನ್ನ ಸಾಲಿನ ಮುಂದೆ ಕೂತಳು. ಒಂದು ಸಸಿಯ ಎಲೆ ಸವರಿ ಮೆಲ್ಲಗೆ ಮಾತಾಡತೊಡಗಿದಳು. ವಿದ್ಯಾ ಕನ್ನಡದಲ್ಲಿ ಹೇಳುತ್ತ ಹೋದಳು.

"ನಮಗೂ ಇದು ಪ್ರೀತಿಯ ಮರವೇ ಅಂತಿದಾರೆ. ಬೇಸಿಗೆ ಹಬ್ಬದಲ್ಲಿ ಊರ ನಡುವೆ ನಿಲ್ಲಿಸೋ ಕಂಬಕ್ಕೆ ಇದರ ಎಲೇನೇ ಕಟ್ಟೋದಂತೆ. ಆದ್ರೆ ಇದಕ್ಕೆ ಇಡೀ ಸ್ವೀಡನ್ ಇದೆ, ಆ ಹೂವಿಗೆ ಇಂಥಾ ಒಂದೊಂದು ಚೂರೇ ಜಾಗ ಉಳಿದಿರೋದು ಅಂತಾರೆ. ಇದು ತಾನಾಗೇ ಆದ ಬಯಲಲ್ಲವಂತೆ. ಇವರ ಅಜ್ಜಿಯ ಕಾಲದವರು ಕುರಿ ಮೇಯಿಸಿ, ಬೆಂಕಿ ಹಾಕಿ, ಕೊಯ್ದು ಮಾಡಿದ್ದಂತೆ. ಮಧ್ಯೆ ಜನ ಬಿಟ್ಟುಬಿಟ್ರಂತೆ. ಇವರು ಮದುವೆ ಆಗೋ ಹೊತ್ತಿಗೆ ಇಲ್ಲೆಲ್ಲ ಮರ ಬಂದು, ಇಲ್ಲಿ ನಿಂತ್ರೆ ಸಮುದ್ರ ಕಾಣ್ತಿರ್ಲಿಲ್ವಂತೆ. ಹೂವೂ ಇಲ್ಲ, ಅದಕ್ಕೆ ಬರೋ ದುಂಬಿಗಳೂ ಇಲ್ಲ. ಮುಟ್ಟದೆ ಬಿಟ್ರೆ ಉಳಿಯೋ ಜಾಗ ಅಲ್ಲ ಇದು. ಪ್ರತಿ ವರ್ಷ ಯಾರಾದ್ರೂ ಬಂದು ಮಾಡ್ತಾನೇ ಇರ್ಬೇಕು ಅಂತಾರೆ."

ಅಷ್ಟೇ ತಾನೇ? ಇಷ್ಟನ್ನು ಮೊದಲೇ ಹೇಳಿದ್ದರೆ! ಒಂದು ದಿನ ಗುಡಿಸದ ಅಂಗಳ, ಎರಡು ದಿನ ಒರೆಸದ ಒಲೆ, ಒಂದು ವಾರ ತಿಕ್ಕದ ದೀಪ. ಮಾಡಿದ್ದನ್ನೇ ಮಾಡುತ್ತೀಯಲ್ಲ ಎಂದು ಕೇಳುವವರಿಗೆ ನಾನು 'ಅದಕ್ಕೇ ಮನೆ ಅನ್ನೋದು' ಎನ್ನುತ್ತೇನೆ. ಈ ಬಯಲೂ ಒಂದು ಮನೆ. ನಾನು ಬಂದು ಗುಡಿಸಿದ ಕಸವನ್ನು ಬಾಗಿಲ ಹಿಂದೆ ಸಾಲಾಗಿ ಜೋಡಿಸಿ, ಕುಂಕುಮ ಇಟ್ಟು, ಕೈಮುಗಿದಿದ್ದೆ.

"ನಾನೇ ಕೀಳ್ತೀನಿ ಅಂತ ಹೇಳು," ಎಂದೆ.

ಕೂತೆ. ನೆಟ್ಟದ್ದು ನಾನೇ. ಒಂದೊಂದಕ್ಕೂ "ಕ್ಷಮಿಸು" ಎಂದು ಹೇಳಿ ಕೀಳತೊಡಗಿದೆ. ಕಷ್ಟವಾಯಿತು, ಸುಳ್ಳು ಹೇಳುವುದಿಲ್ಲ. ಬಿರ್ಗಿತ್ತಾ ಏನೋ ಕೇಳಿದಳು.

"ಏನು ಹೇಳ್ತಾ ಕೀಳ್ತಿದೀರಿ ಅಂತ ಕೇಳ್ತಿದಾರೆ. ಫರ್ಲೋಟ್ ಅಂತ ಹೇಳಿದೆ. ಕ್ಷಮಿಸು ಅಂತ ಅದರರ್ಥ."

ಬಿರ್ಗಿತ್ತಾ ಕೊನೆಯ ಸಸಿಯನ್ನು ತಾನೇ ಹಿಡಿದು, "ಫರ್ಲೋಟ್" ಎಂದು ಕಿತ್ತಳು. ತಮಾಷೆಗಲ್ಲ. ಆಕೆಯ ಮುಖ ನೋಡಿದ್ದೇನೆ.

ಕಾಫಿ ಮುಗಿದು ಮತ್ತೆ ಕೆಲಸ ಶುರುವಾಯಿತು. ಸ್ವಲ್ಪ ಹೊತ್ತಿಗೆ ಬಯಲಿನ ಆ ಮೂಲೆಯಿಂದ ಒಂದು ಫರ್ಲೋಟ್, ಈ ಮೂಲೆಯಿಂದ ಒಂದು ಫರ್ಲೋಟ್ ಕೇಳತೊಡಗಿತು. ಪೈನ್ ಸಸಿಯೊಂದು ಎಷ್ಟು ಜಗ್ಗಿದರೂ ಬರದೆ ಲೆನ್ನಾರ್ಟ್ ಹಲ್ಲು ಕಚ್ಚಿ "ಫರ್ಲೋಟ್! ಫರ್ಲೋಟ್!" ಎಂದು ಗದರುತ್ತ ಎಳೆದು, ಬೇರು ಬಿಟ್ಟದ್ದೇ ತಡ ಹೂವಿನ ಮೇಲೆ ಅಂಗಾತ ಬಿದ್ದ. ಬಿದ್ದಲ್ಲಿಂದ ಹೂವಿಗೂ ಒಂದು ಫರ್ಲೋಟ್ ಹೇಳಿದ. ಆವತ್ತು ನಾನು ಸ್ವೀಡನ್ನಿನ ಜನ ಜೋರಾಗಿ ನಗುವುದನ್ನು ಮೊದಲ ಸಲ ಕೇಳಿದೆ.

ಹೊರಡುವಾಗ ಬಿರ್ಗಿತ್ತಾ ವಿದ್ಯಾಳನ್ನು ನಿಲ್ಲಿಸಿಕೊಂಡು ಗದರುವ ದನಿಯಲ್ಲಿ ಏನೋ ಕೇಳಿದಳು. ವಿದ್ಯಾ ತಗ್ಗಿದ ದನಿಯಲ್ಲಿ ಉತ್ತರಿಸಿದಳು. ಬಿರ್ಗಿತ್ತಾ ಮತ್ತೇನೋ ಅಂದಳು, ಇಬ್ಬರೂ ಒಟ್ಟಿಗೆ ನಕ್ಕರು.

"ಏನಂತೆ?"

"ಊರುಗೋಲಿನ ಸದ್ದು ಕೆಳಗೆ ಕೇಳ್ತಿತ್ತಂತೆ. ಕಾಲು ಮುರಿದಾಗ ತಮ್ಮ ಬಾಗಿಲು ಯಾಕೆ ತಟ್ಟಲಿಲ್ಲ ಅಂದ್ರು. ನಿಮಗೆ ತೊಂದರೆ ಆಗ್ಬಾರ್ದು ಅಂತ, ಅಂದೆ." ವಿದ್ಯಾ ಮೂಗು ಒರೆಸಿಕೊಂಡಳು. "ಅವ್ರೂ ದಿನಾ ಮೇಲೆ ಬಂದು ಬಾಗಿಲ ಮುಂದೆ ನಿಂತು, ತೊಂದರೆ ಆಗ್ಬಾರ್ದು ಅಂತ ವಾಪಸ್ ಹೋಗ್ತಿದ್ರಂತೆ."

ಮರಳುವ ಬಸ್ಸೂ ಖಾಲಿಯೇ ಇತ್ತು. ವಿದ್ಯಾ ಮುಂದಿನ ಸೀಟಿನಲ್ಲಿ ಕಾಲು ಚಾಚಿ ಕೂತಳು. ನಾನು ಬುದ್ಧಿ ಕಲಿತವಳು, ದೂರ ಹೋಗಿ ಒಬ್ಬಳೇ ಕೂತೆ. ಬಿರ್ಗಿತ್ತಾ ಹತ್ತಿದಳು. ಸುತ್ತ ಅಷ್ಟೂ ಸೀಟು ಖಾಲಿ. ಆಕೆ ಎಲ್ಲವನ್ನೂ ಒಮ್ಮೆ ನೋಡಿ, ಊರುಗೋಲು ಎತ್ತಿ ಪಕ್ಕಕ್ಕಿಟ್ಟು, ವಿದ್ಯಾಳ ಪಕ್ಕದಲ್ಲೇ ಕೂತಳು.

ನಾನು ಬರೆದಿಟ್ಟುಕೊಂಡಿದ್ದ ತೀರ್ಪನ್ನು ಅಲ್ಲೇ ಹರಿದುಹಾಕಿದೆ.

ಮತ್ತೆ ಹಿತ್ತಲು

"ಎಲ್ಲಿ ಅವಳು?" ಎಂದರು ಇವರು, ನನ್ನ ಹಿಂದೆ ಇಣುಕಿ ನೋಡುತ್ತ. ಬರುವುದಿಲ್ಲವೆಂದು ಫೋನಿನಲ್ಲಿ ಹೇಳಿದ್ದರೂ ಒಂದು ಆಸೆ.

"ಅಲ್ಲೇ ಇದಾಳೆ. ಅವಳಿಗೆ ಕೆಳಗಿನ ಮನೆಯವ್ರಿದಾರೆ."

"ಒಬ್ರು ತಾನೇ?"

"ನಮ್ಮ ಬೀದಿ ತುಂಬ ಇದಾರಲ್ಲ, ಒಂದು ಗಿಡ ಕೀಳಕ್ಕೆ ಯಾರು ಬಂದ್ರು?"

ನಾನು ಹಿತ್ತಲಿಗೆ ಹೋದೆ, ಇವರೂ ಹಿಂದೆಯೇ ಬಂದರು. ಅರಳಿ ನಾನಿಲ್ಲದಾಗ ಇನ್ನೂ ನಾಲ್ಕು ಎಲೆ ಬಿಟ್ಟಿತ್ತು. ಗೋಡೆಗೆ ದಿನ ತುಂಬಿತ್ತು.

"ರೀ, ಹಾರೆ ತನ್ನಿ."

"ಯಾಕೆ?"

"ತನ್ನಿ ಅಂದೆ."

ಕೈಮುಗಿದೆ. ಒಂದು ಚೊಂಬು ನೀರೆರೆದೆ. ಪ್ರದಕ್ಷಿಣೆಯ ಅರ್ಧ ಮುಗಿಸಿದೆ. "ಕ್ಷಮಿಸು" ಎಂದು ಬುಡಕ್ಕೆ ಹಾರೆ ಹಾಕಿದೆ. ಇವರು ಗಾಬರಿಯಾಗಿ ಸ್ವಲ್ಪ ಹೊತ್ತು ನೋಡಿ, ತಾವೂ ಬಂದು ಕೈಹಚ್ಚಿದರು. ನಾಲ್ಕು ಇಟ್ಟಿಗೆ ಬಿದ್ದವು, ಪಕ್ಕದವರ ಬಚ್ಚಲು ಕಂಡಿತು, ಸಸಿ ಬಂತು. ಸೊಗಸಾದ ಸಸಿ. ರಾಯರ ಮಠದ ಹಿಂದೆ ಖಾಲಿ ಜಾಗವಿದೆ, ಸಂಜೆ ಅಲ್ಲಿ ನೆಟ್ಟು ಬರುವುದೆಂದು ಗೋಣಿತಾಟಿನಲ್ಲಿ ಸುತ್ತಿಟ್ಟೆವು. ಆದರೆ ತಾಯಿಬೇರು ಗೋಡೆಯ ಒಳಗೆಲ್ಲೋ ಇತ್ತು. ಎಷ್ಟು ಕೆದಕಿದರೂ ಅದರ ತುದಿ ಸಿಗಲಿಲ್ಲ.

"ಮತ್ತೆ ಚಿಗುರತ್ತೆ ನೋಡು ಇದು," ಎಂದರು ಇವರು.

"ಚಿಗುರ್ಲಿ. ಮತ್ತೆ ಕೀಳೋಣ."

ಮಾರನೆಯ ದಿನ ಗುರುವಾರ. ಹೋಗುವ ಮುಂಚೆ ತಿಕ್ಕಿಟ್ಟಿದ್ದ ದೀಪದ ಕಂಬಗಳು ಅಷ್ಟು ದಿನದಲ್ಲಿ ಕರ್ರಗಾಗಿದ್ದವು. ಹುಣಸೆಹಣ್ಣು ನೆನೆಹಾಕಿ, ಕಲ್ಲಿನ ಮೇಲೆ ಕೂತೆ.